ನಿಂತವರ ಲೆಕ್ಕ

ನಕ್ಷೆಯ ಬಲಗಡೆಯ ಕೆಳಮೂಲೆ ಮೂರನೆಯ ಸಲ ಕಳಚಿಕೊಂಡು ಸುರುಳಿ ಸುತ್ತಿತು. ಶಾಲೆಯ ಸಭಾಂಗಣದ ಗೋಡೆಗೆ ಹೋದ ವಾರವಷ್ಟೇ ಬಣ್ಣ ಹೊಡೆದಿದ್ದರು. ಅಂಟುಪಟ್ಟಿ ಅದರ ಮೇಲೆ ನಿಲ್ಲುತ್ತಿರಲಿಲ್ಲ. ಮೊಳೆ ಹೊಡೆಯುವುದಾದರೆ ನನ್ನ ತಲೆಗೇ ಹೊಡೆಯಿರಿ ಎಂಬಂಥ ಮುಖ ಮಾಡಿಕೊಂಡು ಹೆಡ್‌ಮಾಸ್ತರು ಬಾಗಿಲಲ್ಲೇ ನಿಂತಿದ್ದರು. ಉಳಿದ ಮೂರು ಮೂಲೆಗಳು ಹೇಗೋ ಕಚ್ಚಿಕೊಂಡವು. "ಯಜಮಾನ್ರೇ, ಸಭೆ ಮುಗಿಯೋ ತನಕ ಸ್ವಲ್ಪ ಕೈ ಇಟ್ಕೊಂಡಿರ್ತೀರಾ?" ಎಂದು ಪುರಸಭೆಯ ಯುವ ಅಧಿಕಾರಿ ಚಿಕ್ಕ ಸಾಹೇಬರು ನಗುತ್ತಲೇ ಕೇಳಿ, ಉತ್ತರಕ್ಕೆ ಕಾಯದೆ ಮೈಕಿನ ಕಡೆ ಹೋದರು. ಮೂವತ್ತೊಂದು ವರ್ಷ ಪುರಸಭೆಯ ಯೋಜನಾ ವಿಭಾಗದಲ್ಲಿ ಕೂತು ಊರಿನ ಚರಂಡಿ, ರಸ್ತೆ, ಬಡಾವಣೆಗಳನ್ನೆಲ್ಲ ಎಳೆದ ನಕ್ಷೆಗಾರ ಹೀಗೆ ಊರಿನ ಹೊಸ ಕೇಂದ್ರದ ನಕ್ಷೆಗೆ ನಾಲ್ಕನೆಯ ಮೊಳೆಯಾಗಿ ನಿಂತ. ಅಂಗೈ ಬೆವರುತ್ತಿತ್ತು. ಬೆವರಿದ ಕೈ ಕಾಗದಕ್ಕೆ ತಾಗಬಾರದೆಂಬುದು ಅವನು ಕೆಲಸಕ್ಕೆ ಸೇರಿದ ಮೊದಲ ದಿನ ಕಲಿತ ಪಾಠ. ಕರವಸ್ತ್ರ ಮಡಿಸಿ ಅಂಗೈ ಅಡಿಗೆ ಇಟ್ಟುಕೊಂಡ. ಇಷ್ಟೆಲ್ಲ ಆದ ಮೇಲೂ ಈ ಕಾಗದಕ್ಕೆ ಕಲೆಯಾಗದಂತೆ ಕಾಯುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಅರ್ಧ ಗಂಟೆಯ ಹಿಂದೆ ಕೊಳವೆಯಿಂದ ನಕ್ಷೆ ಹೊರತೆಗೆದು ಮೇಜಿನ ಮೇಲೆ ಹಾಸಿದಾಗ ಅದು ಅವನು ಮೊದಲು ಎಳೆದ ನಕ್ಷೆಯಾಗಿರಲಿಲ್ಲ, ಎರಡನೆಯದಾಗಿತ್ತು. ನಾಲ್ಕು ರಸ್ತೆ ಕೂಡುವಲ್ಲಿ, ಅಕ್ಕನ ಸೈಕಲ್ ಅಂಗಡಿ ಇರಬೇಕಾದ ಕಡೆ, ದುಂಡನೆಯ ಒಂದು ಕಾರಂಜಿ ಇತ್ತು. ಕಾರಂಜಿಯ ನೀರಿನ ಗೆರೆಗಳು ಅವನ ಕೈಯವೇ. ಅಷ್ಟು ತೆಳ್ಳಗೆ ಗೆರೆ ಎಳೆಯುವವರು ಆಫೀಸಿನಲ್ಲಿ ಇನ್ನೊಬ್ಬರಿರಲಿಲ್ಲ. "ಮೊದಲನೇದು ಎಲ್ಲಿ ಸರ್?" ಎಂದು ಕೇಳಿದ. ಚಿಕ್ಕ ಸಾಹೇಬರು ಒಂದು ಕ್ಷಣ ಅರ್ಥವಾಗದವರಂತೆ ನೋಡಿ, "ಓ ಅದಾ, ಅದನ್ನ ಮೇಲಿನವರಿಗೆ ಕಳಿಸಲೇ ಇಲ್ಲ ಯಜಮಾನ್ರೇ. ಎರಡು ಕಳಿಸಿದ್ರೆ ಮೂರನೇದು ಕೇಳ್ತಾರೆ, ನಿಮಗೆ ಗೊತ್ತಿಲ್ವಾ ಅವರ ಬುದ್ಧಿ," ಎಂದು ಬೆನ್ನು ತಟ್ಟಿದ್ದರು. ಆಮೇಲೆ ಅವನ ಕಣ್ಣು, ಬೇಡ ಬೇಡವೆಂದರೂ, ನಕ್ಷೆಯ ಮೂಲೆಯ ಹೆಸರಿನ ಚೌಕಕ್ಕೆ ಇಳಿಯಿತು. 'ರೂಪಿಸಿದವರು' ಎಂಬ ಸಾಲಿನಲ್ಲಿ ನಮ್ಮಿಬ್ಬರ ಹೆಸರೂ ಇರ್ತದೆ ಎಂದು ಸಾಹೇಬರು ಅವನ ಮನೆಯಲ್ಲೇ ಕೂತು ಹೇಳಿದ್ದರು. ಅಲ್ಲಿ ಒಂದೇ ಹೆಸರಿತ್ತು. ಅದರ ಕೆಳಗೆ, ಚರಂಡಿಯ ನಕ್ಷೆಗಳಲ್ಲಿ ಇರುತ್ತಿದ್ದ ಹಾಗೆಯೇ, 'ಎಳೆದವರು' ಎಂಬಲ್ಲಿ ಅವನ ಹೆಸರಿನ ಎರಡಕ್ಷರ. ಮೊದಲು ನೋವಾದದ್ದು ಯಾವುದಕ್ಕೆ, ಅಂಗಡಿ ಹೋದದ್ದಕ್ಕೋ ಹೆಸರು ಹೋದದ್ದಕ್ಕೋ? ಈಗ ಮೂಲೆ ಹಿಡಿದು ನಿಂತು ಅವನು ಇದನ್ನೇ ಯೋಚಿಸುತ್ತಿದ್ದ. ಉತ್ತರ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಮತ್ತೆ ಮತ್ತೆ ಕೇಳಿಕೊಳ್ಳುತ್ತಿದ್ದ.

ಹಿಡಿದ ಮೂಲೆಯಿಂದ ನೇರ ಎದುರಿಗೆ ಕುರ್ಚಿಗಳು ಒಂದೊಂದೇ ತುಂಬುತ್ತಿದ್ದವು. ಕ್ಷೌರದಂಗಡಿಯವನು ಬಂದು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಊರಿಗೆ ಹೊಟ್ಟೆ ಬಂದಮೇಲೆ ನಡು ಹುಡುಕುತ್ತಿದ್ದಾರೆ ಎಂಬ ಮಾತನ್ನು ಊರಿಗೆಲ್ಲ ಹರಡಿದವನು ಅವನೇ. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹತ್ತು ವರ್ಷದಲ್ಲಿ ಊರು ನಾಲ್ಕೂ ಕಡೆ ಉಬ್ಬಿ, ಹಳೆಯ ಪೇಟೆಬೀದಿ ಒಂದು ಮೂಲೆಗೆ ಬಿದ್ದುಹೋಗಿತ್ತು. ಹೊಸ ಬಡಾವಣೆಯವರು ಹಳಬರ ಮುಖ ನೋಡದೆ ವರ್ಷ ಕಳೆಯುತ್ತಿದ್ದರು. ಎಲ್ಲರೂ ಬಂದು ನಿಲ್ಲುವಂಥ ಒಂದು ಜಾಗ ಬೇಕು, ಅದನ್ನು ನಾವು ಹೇರಬಾರದು, ಊರೇ ತೋರಿಸಬೇಕು ಎಂದು ಚಿಕ್ಕ ಸಾಹೇಬರು ಮೊದಲ ದಿನ ಹೇಳಿದಾಗ ನಕ್ಷೆಗಾರನಿಗೆ ರೋಮಾಂಚನವಾಗಿತ್ತು. ಅಂಥ ಮಾತನ್ನು ಆ ಆಫೀಸಿನ ಗೋಡೆಗಳು ಕೇಳಿರಲೇ ಇಲ್ಲ. ಎಣಿಕೆಯ ಕೆಲಸ ತನಗೇ ಕೊಡಿ ಎಂದು ಬಾಯಿಬಿಟ್ಟು ಕೇಳಿದ. ಹೆಬ್ಬೆರಳಿನಿಂದ ಒತ್ತಿದರೆ ಒಂದೊಂದೇ ಅಂಕಿ ಮುಂದೆ ಹೋಗುವ ಕೌಂಟರನ್ನು ಜೇಬಿಗೆ ಹಾಕಿಕೊಂಡು, ಕೂಡುರಸ್ತೆಯಲ್ಲಿ ಹೋಗಿ ಬರುವವರನ್ನು ಎಣಿಸಲು ಅಕ್ಕನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಆರು ದಿನ ಕೂತ.

ಮೊದಲನೆಯ ದಿನ ಅಕ್ಕ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುವ ಜಾಗ ಹುಡುಕುತ್ತ ಓರೆಗಣ್ಣಿನಲ್ಲಿ ಇವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಭಾವ ಹೋದ ಮೇಲೆ ಅಂಗಡಿ ಮಾರಿಬಿಡು ಎಂದವರಲ್ಲಿ ಇವನೂ ಒಬ್ಬ. ಅವಳು ಮಾರದೆ, ಹದಿನೈದು ದಿನದಲ್ಲಿ ಪಂಕ್ಚರ್ ಹಾಕುವುದು ಕಲಿತು, ಒಂದು ವರ್ಷದಲ್ಲಿ ಚಕ್ರದ ಬೆಂಡು ತೆಗೆಯುವುದು ಕಲಿತು ಕೂತಿದ್ದಳು. ಎರಡನೆಯ ದಿನ ಮಧ್ಯಾಹ್ನ ಚಹಾದ ಲೋಟ ಕೈಗಿಡುತ್ತ, "ಅಲ್ಲ ತಮ್ಮಾ, ನಡೆದು ಹೋಗೋರನ್ನ ಎಣಿಸಿ ಏನು ಮಾಡ್ತೀಯ? ಹೋಗೋರು ಹೋಗ್ತಾರೆ. ನಿಂತ್ಕೊಳ್ಳೋರನ್ನ ಎಣಿಸು," ಎಂದಳು. ನಕ್ಷೆಗಾರ ನಕ್ಕ. ಸಂಜೆಯ ಹೊತ್ತಿಗೆ ನಗು ನಿಂತಿತು. ಮೂರನೆಯ ದಿನದಿಂದ ನಿಂತವರನ್ನೇ ಎಣಿಸತೊಡಗಿದ. ಅಂಗಡಿಯ ಹೊರಗೆ ಕಂಬಕ್ಕೆ ಸರಪಳಿಯಿಂದ ಕಟ್ಟಿದ ಗಾಳಿ ಪಂಪಿತ್ತು. ಯಾರು ಬೇಕಾದರೂ ಗಾಳಿ ಹಾಕಿಕೊಳ್ಳಬಹುದು, ಕೇಳಬೇಕಾಗಿರಲಿಲ್ಲ. ಗಾಳಿ ಹಾಕಲು ನಿಂತವರನ್ನು ನೋಡಿ ಇನ್ನೊಬ್ಬರು ನಿಲ್ಲುತ್ತಿದ್ದರು, ಅವರಿಬ್ಬರು ಮಾತಾಡುವುದನ್ನು ನೋಡಿ ಮೂರನೆಯವರು. ನರ್ಸಮ್ಮ ಮನೆಯ ಬೀಗದಕೈ ಅಕ್ಕನ ಹತ್ತಿರ ಬಿಟ್ಟುಹೋಗುತ್ತಿದ್ದಳು, ಅರ್ಧ ಗಂಟೆಯ ಮೇಲೆ ಅವಳ ಗಂಡ ಬಂದು ಕೇಳಿ ಪಡೆಯುತ್ತಿದ್ದ. ದಿನಕ್ಕೆ ನೂರಮೂವತ್ತು, ನೂರನಲವತ್ತು ಮಂದಿ. ಇಡೀ ಊರಿನಲ್ಲಿ ಬೇರೆಲ್ಲೂ ಇದರ ಕಾಲುಭಾಗ ಇರಲಿಲ್ಲ. ಖಾಲಿ ಡ್ರಮ್ಮಿನ ಮೇಲೆ ಕೂಡುರಸ್ತೆಯ ಹಾಳೆ ಹಾಸಿ, ನಿಂತವರಿಗೆ ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ ಇಡುತ್ತ, "ನೋಡು ಅಕ್ಕ, ಇದು ಬ್ಯಾಂಕು, ಇದು ಬಸ್ಸು ನಿಲ್ಲೋ ಜಾಗ. ನಿನ್ನಂಗಡಿ ಎಲ್ಲಿ ಹೇಳು ನೋಡೋಣ," ಎಂದಿದ್ದ. ಅವಳು ಕನ್ನಡಕ ಏರಿಸಿ, ಸ್ವಲ್ಪ ಹೊತ್ತು ರಸ್ತೆಯನ್ನೂ ಹಾಳೆಯನ್ನೂ ನೋಡಿ, ಸರಿಯಾದ ಜಾಗದ ಮೇಲೆ ಹೆಬ್ಬೆರಳು ಒತ್ತಿದಳು. ಎಣ್ಣೆಯ ಕೈ. ಹಾಳೆಯ ಮೇಲೆ ಹೆಬ್ಬೆಟ್ಟಿನ ಗುರುತು ಗೆರೆಗೆರೆಯಾಗಿ ಮೂಡಿತು. ಅವನು ರೇಗಿದ. ಆ ರೇಗಾಟಕ್ಕೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆ ಹಾಳೆಯನ್ನು ಚಿಕ್ಕ ಸಾಹೇಬರು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಿದ್ದರು. "ನಿಂತವರನ್ನ ಎಣಿಸೋದು ನಿಮಗೆ ಹೇಗೆ ಹೊಳೀತು ಯಜಮಾನ್ರೇ?" ಎಂದರು. ಅಕ್ಕ ಹೇಳಿದಳು ಎನ್ನಲು ಅವನ ಬಾಯಿ ತೆರೆಯಿತು. "ಹಾಗೇ, ಕೂತು ಕೂತು ಹೊಳೀತು ಸರ್," ಎಂಬ ಮಾತು ಹೊರಗೆ ಬಂತು. ಮೂವತ್ತೊಂದು ವರ್ಷದಲ್ಲಿ ಅವನಿಗೆ ಏನಾದರೂ ಹೊಳೆಯಬಹುದೆಂದು ಯಾರೂ ಕೇಳಿರಲಿಲ್ಲ. ಆಫೀಸಿನಲ್ಲಿ ಅವನ ಹೆಸರೇ 'ಸ್ಕೇಲು'. ಸ್ಕೇಲಿಗೆ ಏನು ಹೊಳೆಯುತ್ತದೆ? ಸಾಹೇಬರು ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟು, "ಇದೇ ನೋಡಿ ನಮ್ಮ ಕೇಂದ್ರ. ಮೊಹರು ಬೇರೆ ಒತ್ತಿ ತಂದಿದ್ದೀರಿ," ಎಂದು ನಕ್ಕಿದ್ದರು. ಅಂದಿನಿಂದ ಅವರು ಇವನ ಮನೆಗೇ ಬರತೊಡಗಿದರು. ಇವನ ಹೆಂಡತಿಯನ್ನು ಅತ್ತಿಗೆ ಎಂದರು. ಊಟಕ್ಕೆ ಕೂತು ಎರಡನೆಯ ಸಲ ಬಡಿಸಿಕೊಂಡರು. ತನಗೊಬ್ಬ ಅಣ್ಣ ಇದ್ದಿದ್ದರೆ ನಿಮ್ಮ ಹಾಗೆಯೇ ಇರುತ್ತಿದ್ದ ಎಂದರು. ಅವರು ಹೋದ ಮೇಲೆ ಹೆಂಡತಿ, "ಯಾಕೋ ತುಂಬ ಹೊಗಳ್ತಾರಪ್ಪ," ಎಂದಾಗ ಇವನು ಸಿಡುಕಿದ. ಹೊಗಳಿಕೆ ಕೇಳಿ ಅಭ್ಯಾಸವಿಲ್ಲದವರ ಮನೆ ಇದು ಎಂದ. ಈಗ ಬೆರಳ ತುದಿಯಿಂದ ನಕ್ಷೆಯ ಮೂಲೆ ಜಾರುತ್ತಿದ್ದಾಗ ಅವರು ಎರಡನೆಯ ಸಲ ಬಡಿಸಿಕೊಂಡದ್ದೇ ಅವನಿಗೆ ತಡೆಯಲಾರದಷ್ಟು ಉರಿಯುತ್ತಿತ್ತು. ಉಂಡ ಮನೆ.

ಮೊದಲನೆಯ ನಕ್ಷೆಯನ್ನು ಅವನು ಹತ್ತೊಂಬತ್ತು ದಿನ ಎಳೆದ. ಅಂಗಡಿಯನ್ನು ನಡುವೆ ಬಿಟ್ಟು ಅದರ ಸುತ್ತ ಕಲ್ಲು ಹಾಸಿದ ಬಯಲು, ಬಯಲಿನ ಅಂಚಿಗೆ ಮರ, ಮರದ ಕೆಳಗೆ ಕೂರಲು ಕಟ್ಟೆ. ಪಂಪು ಕಟ್ಟಿದ ಕಂಬವನ್ನೂ ಬಿಡಲಿಲ್ಲ. ಸೂಜಿಮೊನೆಯಷ್ಟು ಕಪ್ಪು ಚುಕ್ಕೆಯಾಗಿ ಅದೂ ಇತ್ತು. ಅಕ್ಕನಿಗೆ ಹೋಗಿ ಹೇಳಿದ: "ಊರೆಲ್ಲ ನಿನ್ನ ಸುತ್ತ ಬರ್ತದೆ ನೋಡು." "ಬರಲಿ, ಗಾಳಿ ಸಾಕಷ್ಟಿದೆ," ಎಂದಳು ಅವಳು. ಸಭೆಗೆ ಬಂದು ಎದ್ದುನಿಂತು ನಾಲ್ಕು ಮಾತಾಡಬೇಕು, ಕೂಡುರಸ್ತೆಯವರೇ ಒಪ್ಪಿದರೆ ಬೇರೆಯವರು ಬಾಯಿ ತೆರೆಯುವುದಿಲ್ಲ ಎಂದು ಅವನೇ ಹೇಳಿಕೊಟ್ಟ. ಅವಳು ಎಲ್ಲಿ ನಿಲ್ಲಬೇಕು, ಮೈಕನ್ನು ಬಾಯಿಂದ ಎಷ್ಟು ದೂರ ಹಿಡಿಯಬೇಕು ಎಂಬುದನ್ನೂ ಟಯರಿನ ರಾಶಿಯ ಪಕ್ಕ ನಿಂತು, ಗಾಳಿ ಪಂಪಿನ ಹಿಡಿಯನ್ನೇ ಮೈಕು ಮಾಡಿಕೊಂಡು ತೋರಿಸಿದ್ದ. ಅದಾದ ನಾಲ್ಕನೆಯ ದಿನ, ಊಟದ ನಂತರದ ತೂಕಡಿಕೆಯ ಹೊತ್ತಿನಲ್ಲಿ, ಚಿಕ್ಕ ಸಾಹೇಬರು ಅವನ ಮೇಜಿನ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. ಒಂದು ಪರ್ಯಾಯ ಮಾಡಿಡೋಣ ಯಜಮಾನ್ರೇ, ಸುಮ್ಮನೆ, ಕಡತಕ್ಕೆ, ಹೋಗುವುದು ಮೊದಲನೆಯದೇ. ಅವರ ಬೆರಳು ಅಂಗಡಿಯ ಮೇಲಿತ್ತು. "ಇದನ್ನ ತೆಗೆದು ನೋಡಿ, ಜಾಗ ಹೇಗೆ ಉಸಿರಾಡ್ತದೆ."

ಟ್ರೇಸಿಂಗ್ ಕಾಗದದ ಮೇಲಿನ ಶಾಯಿಯನ್ನು ಬ್ಲೇಡಿನಿಂದ ಹೆರೆಯುವುದು ಎಲ್ಲರ ಕೈಯಲ್ಲೂ ಆಗುವ ಕೆಲಸವಲ್ಲ. ಸ್ವಲ್ಪ ಜೋರಾದರೆ ಕಾಗದ ತೂತು, ಸ್ವಲ್ಪ ಹಗುರವಾದರೆ ಮಸಿ ಹಾಗೇ. ನಕ್ಷೆಗಾರ ಅದನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡುತ್ತಿದ್ದ. ಮೊದಲನೆಯದರ ಮೇಲೆ ಹೊಸ ಹಾಳೆಯಿಟ್ಟು ಎಲ್ಲವನ್ನೂ ಮತ್ತೆ ಇಳಿಸುವಾಗ ಅಭ್ಯಾಸಬಲದಿಂದ ಅಂಗಡಿಯನ್ನೂ ಎಳೆದುಬಿಟ್ಟಿದ್ದ. ಆಮೇಲೆ ನೆನಪಾಗಿ ಅದನ್ನು ಹೆರೆಯಬೇಕಾಯಿತು. ಒಂದು ಗೋಡೆ, ಎರಡನೆಯ ಗೋಡೆ, ಬಾಗಿಲು, ಕಂಬದ ಚುಕ್ಕೆ. ಕರಿಯ ಪುಡಿಯನ್ನು ಊದಿದ. ಆ ಜಾಗವನ್ನು ಉಗುರಿನ ಬೆನ್ನಿನಿಂದ ತಿಕ್ಕಿ ನಯ ಮಾಡಿದ. ಬೆಳಕಿಗೆ ಹಿಡಿದರೆ ಮಾತ್ರ ಅಲ್ಲಿ ಹಾಲಿನ ಕೆನೆಯಂಥ ಒಂದು ಮಬ್ಬು ಕಾಣುತ್ತಿತ್ತು. ಎಷ್ಟು ಚೆನ್ನಾಗಿ ಹೆರೆದಿದ್ದೇನೆ ಎಂಬ ಹೆಮ್ಮೆ ಒಂದು ಗಳಿಗೆ ಬಂದೇಬಂತು, ಸುಳ್ಳೇಕೆ ಹೇಳಬೇಕು. ಇದು ಕಡತಕ್ಕೆ, ಇದು ಬರೀ ಕಡತಕ್ಕೆ ಎಂದು ಮನಸ್ಸು ಹೇಳುತ್ತಿತ್ತು. ಮನಸ್ಸು ಹೇಳಿದ್ದನ್ನು ಕಾಲು ನಂಬಲಿಲ್ಲ. ಮಾರನೆಯ ದಿನದಿಂದ ಅವು ಆಫೀಸಿಗೆ ಕೂಡುರಸ್ತೆಯ ಮೇಲೆ ಹೋಗಲಿಲ್ಲ. ಬ್ಯಾಂಕಿನ ಪಕ್ಕದ ಓಣಿ ಹಿಡಿದವು. ಓಣಿಯ ಬಾಯಲ್ಲಿ ನಾಲ್ಕು ಹೆಜ್ಜೆ ಮಾತ್ರ ಅಕ್ಕನ ಅಂಗಡಿ ಎದುರಿಗೆ ಕಾಣುತ್ತದೆ. ಆ ನಾಲ್ಕು ಹೆಜ್ಜೆಯನ್ನು ಅವನು ಕೈಗಡಿಯಾರ ನೋಡಿಕೊಳ್ಳುತ್ತ ದಾಟುತ್ತಿದ್ದ. ಇಪ್ಪತ್ತೆರಡು ದಿನ. ಕೌಂಟರನ್ನು ಅಲ್ಲೇ ಮರೆತು ಬಂದದ್ದು ನೆನಪಾದರೂ ತರಲು ಹೋಗಲಿಲ್ಲ. "ನಿಮ್ಮಕ್ಕ ಕೇಳ್ತಿದ್ರು, ಯಾಕೆ ಬರ್ತಿಲ್ಲ ಅಂತ," ಎಂದು ಹೆಂಡತಿ ಹೇಳಿದಾಗ, ಕೆಲಸ, ಉಸಿರಾಡಲು ಪುರುಸೊತ್ತಿಲ್ಲ ಎಂದ.

ಸಭಾಂಗಣದಲ್ಲಿ ಗದ್ದಲ ಇದ್ದಕ್ಕಿದ್ದಂತೆ ಕಡಿಮೆಯಾಯಿತು. ಪುರಸಭೆಯ ಅಧ್ಯಕ್ಷೆ ಬಂದು ಕೂತರು. ಅವರ ಹಿಂದೆಯೇ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಅನುಮಾನಿಸುತ್ತ, ಅಕ್ಕ ಬಂದಳು. ಒಗೆದು ಮಡಿಸಿಟ್ಟ ಸೀರೆ, ಉಜ್ಜಿ ಉಜ್ಜಿ ತೊಳೆದ ಕೈ. ಎಷ್ಟು ತೊಳೆದರೂ ಉಗುರಿನ ಸುತ್ತ ಹೋಗದ ಕಪ್ಪು ಅವನಿಗೆ ಅಷ್ಟು ದೂರದಿಂದಲೂ ಕಂಡಿತು, ಅಥವಾ ಕಂಡಂತಾಯಿತು. ಅವಳ ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದವಿತ್ತು. ಹೇಳಿಕೊಟ್ಟ ನಾಲ್ಕು ಮಾತನ್ನು ಬರೆದುಕೊಂಡೇ ಬಂದಿದ್ದಾಳೆ. ಈಗಲೇ ಹೋಗಿ ಅವಳ ಕಿವಿಯಲ್ಲಿ ಹೇಳಿಬಿಡಬಹುದು, ಮೂವತ್ತು ಹೆಜ್ಜೆ. ಆದರೆ ಕೈ ಬಿಟ್ಟರೆ ಮೂಲೆ ಸುತ್ತಿಕೊಳ್ಳುತ್ತದೆ, ಎಲ್ಲರೂ ಇತ್ತ ನೋಡುತ್ತಾರೆ. ಅಷ್ಟು ಹೊತ್ತು ಅವಮಾನವಾಗಿದ್ದ ಆ ಮೂಲೆ ಈಗ ಅವನಿಗೆ ಒಂದು ನೆಪವಾಯಿತು. ಕರವಸ್ತ್ರವನ್ನು ಇನ್ನೂ ಬಿಗಿಯಾಗಿ ಒತ್ತಿಹಿಡಿದ.

ಚಿಕ್ಕ ಸಾಹೇಬರು ಚೆನ್ನಾಗಿ ಮಾತಾಡಿದರು. ಕೇಂದ್ರವನ್ನು ನಾವು ಆರಿಸಿಲ್ಲ, ನೀವೇ ಆರಿಸಿದ್ದೀರಿ, ನಿಮ್ಮ ಕಾಲುಗಳೇ ಆರಿಸಿವೆ ಎಂದರು. "ನಮ್ಮ ಹಿರಿಯರು ಆರು ದಿನ ಬಿಸಿಲಲ್ಲಿ ಕೂತು ಎಣಿಸಿದ್ದಾರೆ. ಈ ಊರಲ್ಲಿ ಜನ ಅತಿ ಹೆಚ್ಚು ನಿಲ್ಲೋ ಜಾಗ ಇದು. ಅಲ್ಲಿ ಅಡ್ಡ ಇರೋ ಹಳೇದನ್ನೆಲ್ಲ ತೆಗೆದರೆ ಇನ್ನೂ ಸಾವಿರ ಜನ ಆರಾಮಾಗಿ ನಿಲ್ಲಬಹುದು." ಜನ ಚಪ್ಪಾಳೆ ತಟ್ಟಿದರು. ನಕ್ಷೆಗಾರನಿಗೆ ಆ ಚಪ್ಪಾಳೆಯ ನಡುವೆ, ಮೊಟ್ಟಮೊದಲ ಬಾರಿಗೆ, ತಾನು ತುಂಬಿದ ಎಣಿಕೆಯ ಹಾಳೆ ಕಣ್ಣಮುಂದೆ ಬಂತು. ಎಷ್ಟು ಹೊತ್ತಿಗೆ ನಿಂತರು ಎಂಬ ಕಾಲಂ ಇತ್ತು, ಎಷ್ಟು ಹೊತ್ತು ನಿಂತರು ಎಂಬ ಕಾಲಂ ಇತ್ತು. ಯಾಕೆ ನಿಂತರು ಎಂಬುದಕ್ಕೆ ಕಾಲಂ ಇರಲಿಲ್ಲ. ಅದನ್ನು ಬರೆಯಬೇಕೆಂದು ಅವನಿಗೂ ಅನ್ನಿಸಿರಲಿಲ್ಲ. ಕಣ್ಣೆದುರಿಗೇ ಇದ್ದ ಅಂಗಡಿಯನ್ನು ಯಾರು ಬರೆಯುತ್ತಾರೆ? ಪಂಪು ತೆಗೆದರೆ ಅಲ್ಲಿ ಒಬ್ಬನೂ ನಿಲ್ಲುವುದಿಲ್ಲ ಎಂಬ ಸರಳ ಮಾತು ಚಿಕ್ಕ ಸಾಹೇಬರಿಗೆ ಗೊತ್ತಿರಲಿಕ್ಕಿಲ್ಲ. ಅವನಿಗೆ ಗೊತ್ತಿತ್ತು. ಎಷ್ಟೋ ಸಲ ಗಂಟಲವರೆಗೆ ಬಂದದ್ದನ್ನು ಉಗುಳು ನುಂಗಿದ ಹಾಗೆ ನುಂಗಿದ್ದ.

"ಏನಾದ್ರೂ ಕೇಳೋದಿದ್ರೆ ಕೇಳಿ," ಎಂದರು ಅಧ್ಯಕ್ಷೆ. ಅಕ್ಕ ಎದ್ದು ನಕ್ಷೆಯ ಎದುರಿಗೇ ಬಂದಳು. ಮೈಕನ್ನು ಅವನು ಹೇಳಿಕೊಟ್ಟಷ್ಟೇ ದೂರದಲ್ಲಿ ಹಿಡಿದಳು. ಮಡಿಸಿದ ಕಾಗದವನ್ನು ಬಿಡಿಸಲಿಲ್ಲ. ಸಾಹೇಬರ ಕಡೆ, ಅಧ್ಯಕ್ಷೆಯ ಕಡೆ ನೋಡದೆ ನೇರ ಇವನ ಕಡೆ ತಿರುಗಿ, "ತಮ್ಮಾ, ಇದರಲ್ಲಿ ನಮ್ಮಂಗಡಿ ಎಲ್ಲಿ ಬರ್ತದೆ?" ಎಂದಳು. ಸಾಹೇಬರ ಮುಖದ ಮೇಲೆ ಒಂದು ಸಣ್ಣ ನೆರಳು ಹಾದುಹೋಯಿತು. ಹಾದು ಹೋಗಿ ಮತ್ತೆ ನಗುವಾಯಿತು. "ಯಜಮಾನ್ರೇ, ನೀವೇ ತೋರಿಸಿಬಿಡಿ," ಎಂದರು. ಅವನು ಕೈ ಬಿಟ್ಟ. ಮೂಲೆ ಸುತ್ತಿಕೊಂಡು ಮೇಲೇರಿತು, ಯಾರೋ ನಕ್ಕರು. ಅದನ್ನು ಎಡಗೈಯಲ್ಲಿ ಮತ್ತೆ ಹಾಸಿ ಹಿಡಿದು ಬಲಗೈ ಎತ್ತಿದ. ಇಲ್ಲ ಅಕ್ಕ, ಇಲ್ಲ ಅನ್ನಬೇಕಿತ್ತು; ಎರಡಕ್ಷರ. ಇಡೀ ಊರು ಅವನ ತೋರುಬೆರಳನ್ನು ನೋಡುತ್ತಿತ್ತು, ಜೀವಮಾನದಲ್ಲಿ ಅವನನ್ನು ಅಷ್ಟು ಜನ ಒಟ್ಟಿಗೆ ನೋಡಿರಲಿಲ್ಲ. ಬೆರಳು ಕಾರಂಜಿಯ ಹತ್ತಿರ ಹೋಯಿತು, ಅಲ್ಲಿಂದ ಪಕ್ಕಕ್ಕೆ ಸರಿದು ಬಯಲಿನ ಅಂಚಿನ ಒಂದು ಸಣ್ಣ ಚೌಕದ ಮೇಲೆ ಕೂತಿತು. "ಇಲ್ಲಿ ಅಕ್ಕ. ಸ್ವಲ್ಪ ಈ ಕಡೆಗೆ ಬಂದಿದೆ ಅಷ್ಟೇ," ಎಂದು ಅವನ ಧ್ವನಿ ಹೇಳಿತು. ಬೆರಳು ಎತ್ತಿದ ಮೇಲೆ ಚೌಕದೊಳಗಿನ ಅಂಕಿ ಕಂಡಿತು: ಏಳು. ಏಳು ಅಂದರೆ ಏನೆಂದು ನಕ್ಷೆಯ ಬದಿಯ ಪಟ್ಟಿಯಲ್ಲಿ ಅವನೇ ದುಂಡಗೆ ಬರೆದಿದ್ದ. ಏಳು, ಸಾರ್ವಜನಿಕ ಶೌಚಾಲಯ.

ಅಕ್ಕ ಕನ್ನಡಕ ಏರಿಸಿ ನೋಡಿದಳು. ನಕ್ಷೆಯನ್ನು ನೋಡಿದಳು, ಬದಿಯ ಪಟ್ಟಿಯನ್ನೂ ನೋಡಿದಳೆಂದು ಅವನಿಗೆ ಅನ್ನಿಸಿತು, ಆಮೇಲೆ ಅವನನ್ನು ನೋಡಿದಳು. ಎಷ್ಟು ಹೊತ್ತು ಎಂದು ಯಾರೂ ಎಣಿಸಲಿಲ್ಲ. "ಹೌದಾ," ಎಂದಳು. "ಸರಿ. ನನ್ನ ತಮ್ಮ ತೋರಿಸಿದ ಮೇಲೆ ಆಯ್ತು." ಅಧ್ಯಕ್ಷೆ, "ನಿಮ್ಮ ಆಕ್ಷೇಪಣೆ ಏನಾದ್ರೂ ಇದೆಯಾ ಅಮ್ಮ? ಇದ್ರೆ ಇವತ್ತೇ ಹೇಳ್ಬೇಕು, ನಾಳೆ ಆಗಲ್ಲ," ಎಂದು ಕೇಳಿದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ಇಲ್ಲ," ಎಂದಳು ಅಕ್ಕ. ಮೈಕನ್ನು ಪಕ್ಕದವರಿಗೆ ಕೊಟ್ಟು, ಕಾಗದವನ್ನು ಇನ್ನೊಂದು ಸಲ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ಗುಮಾಸ್ತ ಬರೆದುಕೊಂಡ: ಕೂಡುರಸ್ತೆಯ ಅಂಗಡಿಯವರ ಆಕ್ಷೇಪಣೆ ಇಲ್ಲ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಕ್ಷೌರದಂಗಡಿಯವನು ಕಾರಂಜಿಯಲ್ಲಿ ಬಣ್ಣದ ದೀಪ ಇರುತ್ತದೆಯೇ ಎಂದು ಕೇಳಿದ. ಚಿಕ್ಕ ಸಾಹೇಬರು ಇವನ ಹತ್ತಿರ ಬಂದು ಮೆಲ್ಲಗೆ, "ಉಳಿಸಿಬಿಟ್ರಿ ಯಜಮಾನ್ರೇ. ಬದಲಿ ಜಾಗ ಬಡಾವಣೆಯ ಆಚೆ ಕೊಡ್ತೀವಿ ಅಂತ ನೀವೇ ನಿಧಾನವಾಗಿ ಹೇಳಿ. ಮನೆಯವರು ಹೇಳಿದ್ರೆ ಕೇಳ್ತಾರೆ," ಎಂದರು. ಅವನ ಕೈ ಹಿಡಿದು ಕುಲುಕಿದರು. ಇವರನ್ನು ದ್ವೇಷಿಸಬೇಕು ಎಂದುಕೊಂಡ. ಆದರೆ ಅವನ ಬಾಯಿಂದ ಬಂದದ್ದು, "ನಕ್ಷೆ ಸುತ್ತಿ ಕೊಳವೆಗೆ ಹಾಕಲಾ ಸರ್?" ಎಂಬ ಮಾತು.

ಇಪ್ಪತ್ತಮೂರನೆಯ ದಿನ, ಸಭೆ ಮುಗಿಸಿ ಬರುವಾಗ, ಅವನ ಕಾಲು ಕೂಡುರಸ್ತೆಯ ಮೇಲೆಯೇ ಹೋಯಿತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಮೋಸ ಹೋದೆ ಅಕ್ಕ. ನಂಬಿಸಿ ಕತ್ತು ಕೊಯ್ದ. ನಮ್ಮ ಮನೆಯ ಅನ್ನ ತಿಂದವನು. ನನ್ನ ಹೆಸರು ಕೂಡ ಹಾಕಲಿಲ್ಲ ನೋಡು. ಹೀಗೆ ಒಂದೊಂದು ಮಾತು ಹುಡುಕಿದಷ್ಟೂ ಎದೆ ಹಗುರವಾಯಿತು. ತನ್ನ ಪಾಡಿಗೆ ತಾನೇ ಅಯ್ಯೋ ಅಂದುಕೊಳ್ಳುವುದರಲ್ಲಿ ಒಂದು ಸುಖವಿತ್ತು. ಅಂಗಡಿ ತೆರೆದಿತ್ತು. ಅಕ್ಕ ಒಳ್ಳೆಯ ಸೀರೆ ಬದಲಿಸಿ ಹಳೆಯದನ್ನು ಉಟ್ಟು, ಒಂದು ಚಕ್ರವನ್ನು ತಲೆಕೆಳಗಾಗಿ ನಿಲ್ಲಿಸಿ ಕಡ್ಡಿ ಬಿಗಿಯುತ್ತಿದ್ದಳು. ಮೆಟ್ಟಿಲಿಗೆ ಕಾಲಿಡಲು ಹೋದವನು ಅಲ್ಲೇ ನಿಂತ. ಮೆಟ್ಟಿಲ ಕಲ್ಲಿನ ನಟ್ಟನಡುವೆ ಕೆಂಪು ಬಣ್ಣದಲ್ಲಿ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಅಳತೆಗೆ ಬಂದವರು ಹಾಕುವ ಗುರುತು. ಬಣ್ಣ ಹಸಿಯಾಗಿರಲಿಲ್ಲ, ಕಾಲು ತುಳಿದು ತುಳಿದು ಅಂಚು ಮಾಸಿತ್ತು.

"ಇದು ಯಾವಾಗ ಹಾಕಿದ್ದು?" ಎಂದ.

"ಎಂಟು ದಿನ ಆಯ್ತು. ನಿನ್ನ ಸಾಹೇಬ್ರೇ ಟೇಪು ಹಿಡ್ಕೊಂಡು ಬಂದಿದ್ರು. ಇದೇನಪ್ಪ ಅಂದೆ. ಕಾರಂಜಿಯ ನಡುಮಧ್ಯ ಇದೇ ಅಮ್ಮ, ನಿಮ್ಮ ತಮ್ಮನೇ ಎಳೆದಿದ್ದು, ಅವರು ಹೇಳಿಲ್ವಾ ಅಂದ್ರು. ಒಳ್ಳೇವ್ರು ಪಾಪ, ಗಾಳಿ ಕಡಿಮೆ ಇತ್ತು, ಹಾಕಿಸ್ಕೊಂಡು ಹೋದ್ರು."

ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವನ ಬಾಯಲ್ಲೇ ಒಣಗಿದವು. ಆಮೇಲೆ ಸಿಟ್ಟು ಬಂತು. ಎಲ್ಲಿಂದ ಬಂತೋ, ಆದರೆ ಬಂತು. ಇಡೀ ದಿನ ಸಾಹೇಬರ ಮೇಲೆ ಬರಬೇಕಾಗಿದ್ದದ್ದು. "ಹಾಗಾದ್ರೆ ಗೊತ್ತಿದ್ದೂ ಕೇಳಿದೆಯಾ? ಊರೆಲ್ಲ ಕೂತಿರೋ ಕಡೆ ನನ್ನ ಪರೀಕ್ಷೆ ಮಾಡಿದೆಯಾ?" ಎಂದ. ತನ್ನ ಸ್ವಂತ ಅಕ್ಕ ಕೂಡ ತನಗೆ ಬಲೆ ಬೀಸಿದಳು ಎಂದು ಅವನ ಕಣ್ಣು ನಿಜವಾಗಿಯೂ ತುಂಬಿಬಂತು. ಆ ಕಣ್ಣೀರು ಅವನಿಗೇ ಸುಳ್ಳೆನಿಸಲಿಲ್ಲ, ಅದೇ ವಿಚಿತ್ರ.

ಅಕ್ಕ ಚಕ್ರವನ್ನು ಒಂದು ಸುತ್ತು ತಿರುಗಿಸಿ, ಬೆಂಡು ಇನ್ನೂ ಎಲ್ಲಿದೆ ಎಂದು ನೋಡಿದಳು. "ಪರೀಕ್ಷೆ ಅಲ್ಲ ತಮ್ಮಾ. ನಿಂಗೆ ಹೇಳೋಕೆ ಒಂದು ಜಾಗ ಬೇಕಿತ್ತೇನೋ ಅಂದ್ಕೊಂಡೆ. ಇಲ್ಲಿಗಂತೂ ನೀನು ಬರ್ತಿರಲಿಲ್ಲ. ಆಕ್ಷೇಪಣೆ ಬರೆಸ್ಕೊಂಡೇ ಬಂದಿದ್ದೆ, ನರ್ಸಮ್ಮನ ಗಂಡನ ಕೈಲಿ. ನೀನು ಇಲ್ಲ ಅಕ್ಕ ಅಂತ ಒಂದು ಮಾತು ಅಂದಿದ್ರೆ ಓದ್ತಿದ್ದೆ."

"ನಾನು ಅನ್ನದೇ ಇದ್ರೇನು? ಓದಬಹುದಿತ್ತಲ್ಲ."

"ಹೇಗೆ ಓದ್ಲಿ? ನೀನು ಅಷ್ಟು ಜನರ ಮುಂದೆ ಬೆರಳಿಟ್ಟು ತೋರಿಸಿದ ಮೇಲೆ ನಾನು ಅಂಗಡಿ ಹೋಗ್ತದೆ ಅಂತ ಓದಿದ್ರೆ, ಸುಳ್ಳುಗಾರ ಯಾರಾಗ್ತಿದ್ದ?" ಅವಳು ಕಡ್ಡಿ ಬಿಗಿಯುವ ಕೀಲಿಯನ್ನು ಕೆಳಗಿಟ್ಟಳು. ಸೊಂಟದಿಂದ ಕಾಗದ ತೆಗೆದು, ಬಿಡಿಸಿ, ಅದರಲ್ಲಿ ಕೈಯ ಎಣ್ಣೆ ಒರೆಸಿಕೊಂಡಳು. ಮೊದಲು ಅಂಗೈ, ಆಮೇಲೆ ಒಂದೊಂದೇ ಬೆರಳು. ಹೆಬ್ಬೆರಳಿಗೆ ಬಂದಾಗ ಅವಳಿಗೆ ನಗು ಬಂತು. "ಅದೂ ಏಳನೇ ನಂಬರು. ಎಲ್ಲ ಬಿಟ್ಟು. ಅಲ್ಲಿ ಕೂತು ಯಾರಿಗೋ ಗಾಳಿ ಹಾಕ್ಲಿ ನಾನು?" ಅವನು ನಗಲಾರದೆ, ಅಳಲಾರದೆ, ಗೋಡೆಯ ಕಡೆ ನೋಡಿದ. ಪಂಪಿನ ಮೇಲಿನ ಮೊಳೆಯಲ್ಲಿ, ಒಂದು ತುಂಡು ದಾರಕ್ಕೆ ಕಟ್ಟಿ, ಕೌಂಟರು ತೂಗುತ್ತಿತ್ತು. "ಅದು ಆಫೀಸಿಂದು. ವಾಪಸ್ ಕೊಡ್ಬೇಕು," ಎಂದ. ಹೇಳಿದ ಮೇಲೆ ಸತ್ತುಹೋಗಬೇಕೆನಿಸಿತು.

"ಕೊಡ್ತೀನಿ. ಅಂಗಡಿ ಇರೋವರೆಗೆ ಇರಲಿ," ಎಂದು ಅಕ್ಕ ಎದ್ದು ಕೌಂಟರನ್ನು ಕೈಗೆ ತೆಗೆದುಕೊಂಡಳು. "ನೀನು ಬಿಟ್ಟುಹೋದೆಯಲ್ಲ, ಲೆಕ್ಕ ಅರ್ಧಕ್ಕೆ ನಿಲ್ಲಬಾರದು ಅಂತ ನಾನೇ ಒತ್ತುತ್ತಾ ಇದ್ದೆ. ನೋಡು, ಮೂರು ಸಾವಿರದ ಅರವತ್ತೊಂದು. ಇಪ್ಪತ್ತೆರಡು ದಿನಕ್ಕೆ." ಅಂಕಿಗಳನ್ನು ಅವನ ಕಡೆ ತಿರುಗಿಸಿ ಹಿಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ಒಳ್ಳೆಯದಿತ್ತು. "ಇದರಲ್ಲಿ ನೀನಿಲ್ಲ. ದಿನಾ ಓಣಿ ಬಾಯಲ್ಲಿ ಗಡಿಯಾರ ನೋಡ್ಕೊಂಡು ಹೋಗೋದು ಕಾಣ್ತಿತ್ತು. ನಡೆದು ಹೋಗೋರನ್ನ ನಾನು ಎಣಿಸಲಿಲ್ಲ."

ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಬಂದು ಪಂಪಿನ ಹತ್ತಿರ ನಿಂತ. ಅಕ್ಕನ ಹೆಬ್ಬೆರಳು ಒತ್ತಿತು, ಕೌಂಟರು ಟಕ್ ಎಂದಿತು. ಮುದುಕ ಗಾಳಿ ಹಾಕುವುದನ್ನು ನೋಡಿ, ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ನಿಂತು ಅವನ ಮಗಳ ಆರೋಗ್ಯ ಕೇಳಿದಳು. ಟಕ್. ನಕ್ಷೆಗಾರ ಮೆಟ್ಟಿಲ ಕೆಳಗೆ, ಕೆಂಪು ಗುರುತಿನ ಆಚೆ, ಕೈಯಲ್ಲಿ ಬರೀ ಕರವಸ್ತ್ರ ಹಿಡಿದು ನಿಂತೇ ಇದ್ದ. ಒಂದು ಸಲ ಅಕ್ಕ ತಲೆಯೆತ್ತಿ ಅವನ ಕಡೆ ನೋಡಿದಳು. ಅವನೂ ಅವಳ ಹೆಬ್ಬೆರಳನ್ನು ನೋಡಿದ. ಅವಳು ಒತ್ತಲಿಲ್ಲ. ಕೌಂಟರನ್ನು ಮೊಳೆಗೆ ತೂಗುಹಾಕಿ, ಕೂತು, ಚಕ್ರ ತಿರುಗಿಸಿದಳು.